ಹ್ಯಾಂಡಲ್‌ನಿಂದ ರಿಮೋಟ್‌ವರೆಗೆ

ಬಿಸಿಲು ಎಂದರೆ ಏನೆಂಬುದನ್ನು ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಬಯಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದರೆ ಉರಿಯುವ ಒಲೆಯ ಮುಂದೆ ನಿಂತಂತಾಗುತ್ತದೆ. ಶೀತದೇಶಗಳಲ್ಲಿ ಎಂಜಿನ್ ಬೆಚ್ಚಗಾಗಲೆಂದು ಬಳಕೆಗೆ ಬಂದ ರಿಮೋಟ್ ಸ್ಟಾರ್ಟರನ್ನು ನಮ್ಮವರು ಎ.ಸಿ.ಯ ತಂಪಿಗಾಗಿ ಹೊರಗೆ ಹಾಕಿಸಿಕೊಳ್ಳುವುದುಂಟು. ಹಾಗೆ ಹಾಕಿಸಿಕೊಂಡ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಶ್ನೆಯೇ ಈ ಬರಹಕ್ಕೆ ಕಾರಣ: “ಮೇಷ್ಟ್ರೇ, ಗುಂಡಿ ಒತ್ತಿದರೆ ಎಂಜಿನ್ ಚಾಲೂ ಆಗಿ ಎರಡೇ ಕ್ಷಣದಲ್ಲಿ ನಿಂತುಹೋಗುತ್ತದೆ. ಬ್ಯಾಟರಿ ಹೊಸದು. ದೋಷ ಎಲ್ಲಿದೆ?” ಇದಕ್ಕೆ ಉತ್ತರ ಬೇಕಾದರೆ ಆ ವೈರುಗಳು ಒಂದೊಂದೂ ಏಕೆ ಬಂದವು ಎಂಬ ಚರಿತ್ರೆಯನ್ನು ಅರಿಯಬೇಕು.

ಮೊದಲು ವೈರೇ ಇರಲಿಲ್ಲ. ಇದ್ದುದು ತೋಳಿನ ಬಲ. ಶೇಂಗಾ ಹೊಲದ ಬಾವಿಗಳ ಮೇಲೆ ಡೀಸೆಲ್ ಎಂಜಿನ್ ತಿರುವಿದ ಹಿರಿಯರಿಗೆ ಹ್ಯಾಂಡಲ್ಲಿನ ಸ್ವಭಾವ ಗೊತ್ತು. ಹಳೆಯ ಅಂಬಾಸಡರ್ ಕಾರಿನ ಸಲಕರಣೆಗಳಲ್ಲಿಯೂ ಒಂದು ಹ್ಯಾಂಡಲ್ ಇರುತ್ತಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯಲೂಬಹುದು. ಅದಕ್ಕೇ ಬಲ್ಲವರು ಹೆಬ್ಬೆರಳನ್ನು ಹಿಡಿಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟು ಮೇಲಕ್ಕೆ ಎಳೆಯುತ್ತಿದ್ದರು.

ಅಮೆರಿಕದ ಕಾರು ತಯಾರಕ ಬೈರನ್ ಕಾರ್ಟರ್ 1908ರಲ್ಲಿ ತೀರಿಕೊಂಡದ್ದು ಇಂತಹ ಒದೆತದ ಗಾಯದಿಂದ ಎಂಬ ಪ್ರತೀತಿಯಿದೆ. ಕ್ಯಾಡಿಲಾಕ್ ಸಂಸ್ಥೆಯ ಹೆನ್ರಿ ಲೆಲ್ಯಾಂಡ್ ಹ್ಯಾಂಡಲ್ಲನ್ನೇ ತೊಲಗಿಸಬೇಕೆಂದು ಬಯಸಿದರು. ಆ ಕೆಲಸವನ್ನು ಸಾಧಿಸಿದವರು ಚಾರ್ಲ್ಸ್ ಕೆಟರಿಂಗ್. ಎಂಜಿನ್ ತಿರುಗಿಸಲು ಭಾರೀ ಮೋಟಾರ್ ಬೇಕೆಂದು ಎಲ್ಲರೂ ಎಣಿಸಿದ್ದರು. ನಗದು ಎಣಿಸುವ ಯಂತ್ರಕ್ಕೆ ಮೋಟಾರ್ ಅಳವಡಿಸಿ ಅನುಭವವಿದ್ದ ಕೆಟರಿಂಗ್, ಕೆಲವೇ ಕ್ಷಣ ದುಡಿಯುವ ಮೋಟಾರ್ ಚಿಕ್ಕದಾಗಿದ್ದರೂ ತನ್ನ ಶಕ್ತಿ ಮೀರಿ ಎಳೆಯಬಲ್ಲದೆಂದು ಕಂಡುಕೊಂಡರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂದಿತು. ನಾವು ಇಂದಿಗೂ “ಸೆಲ್ಫ್” ಎನ್ನುವುದು ಅದನ್ನೇ.

ಆಗ ಇಗ್ನಿಷನ್ನಿಗೆ ಒಂದು ಸ್ವಿಚ್ಚು, ಸೆಲ್ಫಿಗೆ ಬೇರೊಂದು ಗುಂಡಿ ಇರುತ್ತಿದ್ದವು. 1949ರಲ್ಲಿ ಕ್ರೈಸ್ಲರ್ ಸಂಸ್ಥೆ ಎರಡನ್ನೂ ಕೀಲಿಯ ಒಂದೇ ತಿರುವಿಗೆ ತಂದಿತು. ಕೀಲಿಯ ಹಿಂದಿನ ಮುಖ್ಯ ವೈರುಗಳು ಹೀಗಿವೆ: ಬ್ಯಾಟರಿಯಿಂದ ಸದಾ ವಿದ್ಯುತ್ ತರುವುದೊಂದು, ಸೆಲ್ಫ್ ಹೊಡೆಯುವಾಗಲೂ ಎಂಜಿನ್ ಓಡುವಾಗಲೂ ಜೀವಂತವಾಗಿರುವ ಇಗ್ನಿಷನ್ ವೈರು, ರೇಡಿಯೊ ಮೊದಲಾದವುಗಳಿಗೆ ಹೋಗಿ, ಸೆಲ್ಫ್ ಹೊಡೆಯುವಾಗ ಮಾತ್ರ ಸಾಮಾನ್ಯವಾಗಿ ಸುಮ್ಮನಾಗುವ ಆಕ್ಸೆಸರಿ ವೈರು, ಸೆಲ್ಫ್ ಹೊಡೆಯುವಾಗ ಮಾತ್ರ ಎಚ್ಚರಗೊಳ್ಳುವ ಸೆಲ್ಫ್ ವೈರು. ರಿಮೋಟ್ ಸ್ಟಾರ್ಟರ್ ಪೆಟ್ಟಿಗೆ ಮಾಡುವುದು ಇಷ್ಟೇ: ಇಲ್ಲದ ಕೀಲಿಯ ಪಾತ್ರವನ್ನು ರಿಲೇಗಳಿಂದ ಅಭಿನಯಿಸುವುದು.

ಆದರೆ ಕಳ್ಳರೂ ಆ ಅಭಿನಯವನ್ನು ಕಲಿತರು. ಆದ್ದರಿಂದ ಕೀಲಿಯೊಳಗೆ ಚಿಪ್ ಬಂದಿತು. ಅದನ್ನು ಗುರುತಿಸದಿದ್ದರೆ ಎಂಜಿನ್ ಓಡಗೊಡದ ಇಮ್ಮೊಬಿಲೈಸರನ್ನು ಐರೋಪ್ಯ ಒಕ್ಕೂಟವು 1998ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು. ನನ್ನ ವಿದ್ಯಾರ್ಥಿಯ ಕಾರು ಎರಡು ಕ್ಷಣದಲ್ಲಿ ನಿಲ್ಲುವುದು ಬಹುಮಟ್ಟಿಗೆ ಈ ಕಾವಲುಗಾರನಿಂದಲೇ. ಪೆಟ್ಟಿಗೆ ಸೆಲ್ಫ್ ಹೊಡೆಸಿತು; ಚಿಪ್ಪಿನ ಗುರುತು ಹೇಳಲಾರದೆ ಹೋಯಿತು. ಆ ಗುರುತನ್ನು ಒಪ್ಪಿಸುವ ಉಪಘಟಕದ ಜೋಡಣೆಯನ್ನು ಅವನು ಮೊದಲು ನೋಡಿಸಬೇಕು.

ಉಳಿದ ಲಕ್ಷಣಗಳೂ ಹೀಗೆಯೇ ಮಾತನಾಡುತ್ತವೆ. ಏನೂ ಆಗದಿದ್ದರೆ ಫ್ಯೂಸು, ಅರ್ಥ್ ಮತ್ತು ಬಾನೆಟ್ ಸ್ವಿಚ್ಚನ್ನು ನೋಡಬೇಕು. ಬಣ್ಣ ಬಳಿದ ತಗಡಿಗೆ ಬಿಗಿದ ಅರ್ಥ್ ಇದ್ದೂ ಇಲ್ಲದಂತೆ. ಸೆಲ್ಫ್ ಹೊಡೆದರೂ ಎಂಜಿನ್ ಹತ್ತದಿದ್ದರೆ ಇಗ್ನಿಷನ್ ಎಂದು ತಿಳಿದು ಆಕ್ಸೆಸರಿ ವೈರಿಗೆ ಜೋಡಿಸಿರಬಹುದು. ಎಂಜಿನ್ ಹತ್ತಿದ ಮೇಲೂ ಸೆಲ್ಫ್ ಕಿರುಚುತ್ತಿದ್ದರೆ ಎಂಜಿನ್ ವೇಗವನ್ನು ತಿಳಿಸುವ ವೈರು ಕಳಚಿರಬಹುದು. ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್, ಓಡುವಾಗ ಸುಮಾರು 14 ವೋಲ್ಟ್ ತೋರಬೇಕು. ವೈರಿನ ಬಣ್ಣವನ್ನು ನಂಬದೆ ಮಲ್ಟಿಮೀಟರನ್ನು ನಂಬಬೇಕು. ಏರ್‌ಬ್ಯಾಗಿನ ಹಳದಿ ವೈರುಗಳನ್ನು ಮಾತ್ರ ಮುಟ್ಟಲೇಬಾರದು. ಮೊಳಕಾಲ್ಮೂರಿನ ನೇಕಾರರು ಹಾಸಿನಲ್ಲಿ ಕಡಿದ ಎಳೆಯನ್ನು ಹುಡುಕಿ ಅದರ ಜೊತೆಗೇ ಗಂಟು ಹಾಕುತ್ತಾರೆ. ಸಿಕ್ಕಿದ ಎಳೆಗೆ ಹಾಕುವುದಿಲ್ಲ. ಇಲ್ಲಿಯೂ ಅದೇ ತಾಳ್ಮೆ ಬೇಕು.

ಕೊನೆಯದಾಗಿ ಒಂದು ಮಾತು. ಹ್ಯಾಂಡಲ್ ತಿರುವುವವನು ಮೊದಲು ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡುತ್ತಿದ್ದನು. ಇಲ್ಲವಾದರೆ ಕಾರು ಅವನ ಮೇಲೆಯೇ ಬರುತ್ತಿತ್ತು. ರಿಮೋಟ್ ಒತ್ತುವವನು ಮನೆಯೊಳಗಿದ್ದಾನೆ, ಕಾರಿನ ಮುಂದೆ ಮಗು ಆಡುತ್ತಿರಬಹುದು. ನಮ್ಮಲ್ಲಿ ಕೈಗೇರಿನ ಕಾರುಗಳೇ ಹೆಚ್ಚು, ಅವುಗಳನ್ನು ಗೇರಿನಲ್ಲಿಯೇ ನಿಲ್ಲಿಸುವ ರೂಢಿಯೂ ಇದೆ. ಅಂದು ಮನುಷ್ಯನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಂದು ನ್ಯೂಟ್ರಲ್, ಬ್ರೇಕು, ಬಾನೆಟ್ಟುಗಳ ಮೂರು ತೆಳು ವೈರುಗಳು ಮಾಡುತ್ತಿವೆ. “ಇವು ತೊಂದರೆ ಕೊಡುತ್ತವೆ, ಕತ್ತರಿಸಿ ನೇರ ಮಾಡೋಣ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮುಚ್ಚಿದ ಶೆಡ್ಡಿನೊಳಗೆ ಗುಂಡಿ ಒತ್ತಲೂಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿಸಿಲನ್ನು ಐದು ನಿಮಿಷ ಸಹಿಸಬಹುದು, ಮಕ್ಕಳೇ.