ಬೋರಿಂಗ್ ಕೈಪಂಪು: ಇಂಡಿಯಾ ಮಾರ್ಕ್-2

ಜಕ್ಕಲಿಯಂಥ ಎರೆನೆಲದ ಊರುಗಳಿಗೆ ಕೊಳವೆಬಾವಿಯ ನೀರು ಎತ್ತಿಕೊಟ್ಟ ಪಂಪಿನ ಮಾದರಿ ಇದು. ಸೊಲ್ಲಾಪುರದ ಗಟ್ಟಿ ಕೈಪಂಪನ್ನು ಆಧರಿಸಿ, ಯುನಿಸೆಫ್ ನೆರವಿನಲ್ಲಿ 1970ರ ದಶಕದಲ್ಲಿ ವಿನ್ಯಾಸಗೊಂಡಿತು. ನೆಲದ ಮೇಲಿನ ಭಾಗ ಹೆಚ್ಚಾಗಿ ಸತು ಲೇಪಿಸಿದ ಉಕ್ಕು. ಆಳದ ಸಿಲಿಂಡರ್ ಬೀಡುಕಬ್ಬಿಣ, ಒಳಮೈಗೆ ಹಿತ್ತಾಳೆ.

ಹಿಡಿಕೆಯ ಒಳತುದಿಯ ಕಮಾನು ನೋಡಿ. ಅದಕ್ಕೆ ಸರಪಳಿ ಬಿಗಿದಿದೆ, ಸರಪಳಿಗೆ ಆಳದ ಪಿಸ್ಟನ್‌ವರೆಗಿನ ಸರಳು. ಹಿಡಿಕೆ ಕಮಾನಾಗಿ ತೂಗಿದರೂ ಸರಳು ನೆಟ್ಟಗೇ ಮೇಲೇರುತ್ತದೆ. ಸರಪಳಿ ಎಳೆಯಬಲ್ಲದು, ತಳ್ಳಲಾರದು. ಹೀಗಾಗಿ ಸರಳು ತನ್ನ ಭಾರಕ್ಕೇ ಇಳಿಯಬೇಕು.

ಸಿಲಿಂಡರಿನ ಒಳವ್ಯಾಸ 63.5 ಮಿ.ಮೀ., ಪಿಸ್ಟನ್ ಏರುವುದು 125 ಮಿ.ಮೀ. ಒಂದು ಸಲ ಒತ್ತಿದರೆ ಹೆಚ್ಚೆಂದರೆ 0.4 ಲೀಟರ್. 15 ಲೀಟರಿನ ಕೊಡಕ್ಕೆ 40ರ ಹತ್ತಿರ. ಎಣಿಕೆ ಅದನ್ನು ಬಹಳ ಮೀರಿತೆಂದರೆ, ಮೊದಲ ಅನುಮಾನ ಪಿಸ್ಟನ್ನಿನ ಸವೆದ ವಾಷರಿನ ಮೇಲೆ.