ಗಡಿಯಾರ ನಿಂತ ರಣರಂಗ

ಒಂದಡಿ ಉದ್ದಗಲದ ಹಲಗೆ. ಅದರ ಮೇಲೆ ಕುಸಿದ ಗೋಡೆಯ ಒಂದು ಮೂಲೆ, ಕೆಸರಿನಲ್ಲಿ ಹೂತ ಟ್ಯಾಂಕು, ಅದರ ಮಗ್ಗುಲಲ್ಲಿ ಕುಳಿತು ಬೂಟು ಬಿಚ್ಚುತ್ತಿರುವ ಬೆರಳುದ್ದದ ಸೈನಿಕ. ಬ್ರಿಟನ್, ಅಮೆರಿಕ, ಜಪಾನ್‌ಗಳಲ್ಲಿ ನಡೆಯುವ ಮಾದರಿ ಸ್ಪರ್ಧೆಗಳಲ್ಲಿ ಇಂಥ ಹಲಗೆಗಳು ಮೇಜಿನ ತುಂಬ ಸಾಲುಗಟ್ಟಿರುತ್ತವೆ. ತೀರ್ಪುಗಾರರು ಪುಟ್ಟ ಟಾರ್ಚು ಹಿಡಿದು ಬಗ್ಗಿ ನೋಡುತ್ತಾರೆ. ಎರಡು ಭಾಗ ಅಂಟಿಸಿದ ಕಡೆ ಗೆರೆ ಉಳಿದಿದೆಯೆ? ಟ್ಯಾಂಕಿನ ಎಲ್ಲ ಚಕ್ರಗಳೂ ನೆಲ ಮುಟ್ಟಿವೆಯೆ, ಒಂದು ಗಾಳಿಯಲ್ಲಿ ತೇಲುತ್ತಿದೆಯೆ? ಇದಕ್ಕೆ ‘ಡಯೊರಾಮ’ ಎಂದು ಹೆಸರು. 1822ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್ ಮತ್ತು ಬೂತೋ ಎಂಬಿಬ್ಬರು ದೊಡ್ಡ ಬಟ್ಟೆಯ ಮೇಲೆ ಚಿತ್ರ ಬರೆದು, ಬೆಳಕು ಹಾಯಿಸಿ ತೋರಿಸಿದ ಆಟಕ್ಕೆ ಇಟ್ಟಿದ್ದ ಹೆಸರು ಅದು. ಮುಂದೆ ಗಾತ್ರವುಳ್ಳ ದೃಶ್ಯಗಳಿಗೂ ಅಂಟಿಕೊಂಡಿತು.

ಇಂದಿನ ಯುದ್ಧ ಡಯೊರಾಮಗಳಲ್ಲಿ ಬಹುಪಾಲು 1:35ರ ಅಳತೆಯವು. ಆರಡಿ ಆಳು ಅದರಲ್ಲಿ ಐದು ಸೆಂಟಿಮೀಟರ್ ಚಿಲ್ಲರೆ ಎತ್ತರ. ಈ ವಿಚಿತ್ರ ಸಂಖ್ಯೆಯ ಹಿಂದೆ ಶಾಸ್ತ್ರವೇನೂ ಇಲ್ಲ. ಜಪಾನಿನ ಶಿಜುವೊಕದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ತಂದಾಗ, ಒಳಗೆ ಮೋಟಾರು ಮತ್ತು ಬ್ಯಾಟರಿ ಸೆಲ್ಲು ಕೂರುವಷ್ಟು ಜಾಗ ಬಿಟ್ಟು ಒಡಲನ್ನು ರೂಪಿಸಿತು. ಆಮೇಲೆ ಅಳೆದು ನೋಡಿದರೆ ಅದು ಅಸಲಿನ ಮೂವತ್ತೈದನೆಯ ಒಂದು ಪಾಲು. ಮಕ್ಕಳ ಆಟಿಕೆಯ ಬ್ಯಾಟರಿ ಹೀಗೆ ಪ್ರಪಂಚದ ಹವ್ಯಾಸಿಗಳಿಗೆಲ್ಲ ಅಳತೆಗೋಲಾಯಿತು.

ಬಣ್ಣ ಹಚ್ಚುವುದು ಬೇರೆಯೇ ವಿದ್ಯೆ. ಅಸಲಿ ಟ್ಯಾಂಕಿಗೆ ಬಳಿದ ಹಸಿರನ್ನೇ ತಂದು ಅಂಗೈಯಗಲದ ಟ್ಯಾಂಕಿಗೆ ಬಳಿದರೆ ಅದು ಕಪ್ಪಿಟ್ಟಂತೆ ಕಾಣುತ್ತದೆ. ಅಸಲಿಯನ್ನು ನಾವು ದೂರದಿಂದ ನೋಡುತ್ತೇವೆ, ನಡುವಿನ ಗಾಳಿ ಬಣ್ಣವನ್ನು ತಿಳಿಗೊಳಿಸಿರುತ್ತದೆ. ಆದ್ದರಿಂದ ಮಾದರಿಯ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಬೇಕು. ನೀರಿನಂತೆ ತೆಳುವಾದ ಕಡುಬಣ್ಣ ಹರಿಯಬಿಟ್ಟರೆ ಅದು ಸಂದುಗಳಲ್ಲಿ ನಿಂತು ನೆರಳಾಗುತ್ತದೆ. ಬಹುತೇಕ ಒರೆಸಿ ತೆಗೆದ ಕುಂಚದಿಂದ ಅಂಚುಗಳನ್ನು ಸವರಿದರೆ ಅಲ್ಲಿ ಬಿಸಿಲು ಬಿದ್ದಂತಾಗುತ್ತದೆ. ಅಷ್ಟು ಚಿಕ್ಕ ವಸ್ತುವಿನ ಮೇಲೆ ಬೆಳಕು ತಾನಾಗಿ ಮಾಡಲಾರದ ಕೆಲಸವನ್ನು ಕುಂಚ ಮಾಡಬೇಕು.

ಇಷ್ಟೆಲ್ಲ ಕೈಗೆ ಬಂದರೂ ಪದಕ ಬಂತೆಂದಲ್ಲ. ಈ ಕಲೆಗೆ ಪಾಠ ಬರೆದ ಅಮೆರಿಕದ ಶೆಪರ್ಡ್ ಪೇನ್ (1946–2015) 1980ರ ತನ್ನ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಅಂಟು ಬಣ್ಣಗಳಿಗಿಂತ ಹೆಚ್ಚಾಗಿ ಕಥೆಯ ಬಗ್ಗೆ. ನಾಟಕದಲ್ಲಿ ಅಂಕಗಳಿವೆ, ಸಿನಿಮಾದಲ್ಲಿ ಮುಂದಿನ ದೃಶ್ಯ ಇದೆ. ಡಯೊರಾಮಕ್ಕೆ ಇರುವುದು ಒಂದೇ ಕ್ಷಣ. ಯಾವ ಕ್ಷಣ, ಅದರಲ್ಲಿ ಯಾರು ಎಲ್ಲಿದ್ದರು ಎಂಬುದನ್ನು ಮಾಡುವವನೇ ತೀರ್ಮಾನಿಸಬೇಕು. ಸ್ಪರ್ಧೆಯ ಮೇಜಿನ ಮೇಲೆ ಅದು ಅಂಕಗಳ ಪ್ರಶ್ನೆ. ಇಂಗ್ಲೆಂಡಿನಲ್ಲಿ ಒಬ್ಬ ಸೇನಾಧಿಕಾರಿ ಇದೇ ಪ್ರಶ್ನೆಗೆ ಉತ್ತರ ಕೊಡಹೋಗಿ ಹಣ, ನೆಮ್ಮದಿ ಎರಡನ್ನೂ ಕಳೆದುಕೊಂಡ.

ಅವನ ಹೆಸರು ವಿಲಿಯಂ ಸೈಬೋರ್ನ್. ಹುಟ್ಟಿದ್ದು 1797ರಲ್ಲಿ. ಭೂಮಾಪನ ಮತ್ತು ನಕ್ಷೆ ಬರೆಯುವ ವಿದ್ಯೆಯಲ್ಲಿ ನುರಿತವನು, ಅದರ ಮೇಲೆ ಪುಸ್ತಕಗಳನ್ನೂ ಬರೆದಿದ್ದ. ನೆಪೋಲಿಯನ್ನನ ಕಥೆ ಮುಗಿಸಿದ ವಾಟರ್ಲೂ ಯುದ್ಧ ನಡೆದದ್ದು 1815ರ ಜೂನ್ 18ರಂದು. ಸೈಬೋರ್ನ್ ಆ ದಿನ ಅಲ್ಲಿರಲಿಲ್ಲ. ಬಳಿಕ ಫ್ರಾನ್ಸಿನಲ್ಲಿ ಬೀಡುಬಿಟ್ಟ ಸೇನೆಯಲ್ಲಿದ್ದನಷ್ಟೆ. ಹೊಸದಾಗಿ ಏಳಲಿದ್ದ ಸೇನಾ ವಸ್ತುಸಂಗ್ರಹಾಲಯಕ್ಕಾಗಿ ಆ ರಣರಂಗದ ಮಾದರಿಯೊಂದನ್ನು ಮಾಡುವ ಕೆಲಸ 1830ರಲ್ಲಿ ಅವನ ಪಾಲಿಗೆ ಬಂತು. ಸೈಬೋರ್ನ್ ನೇರ ಬೆಲ್ಜಿಯಮ್ಮಿಗೆ ಹೋಗಿ, ಯುದ್ಧದಲ್ಲಿ ರಕ್ತದ ಕೋಡಿ ಹರಿದಿದ್ದ ಲಾ ಹೇ ಸ್ಯಾಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಬಿಡಾರ ಹೂಡಿದ. ಏರು ತಗ್ಗು, ಬೇಲಿ, ದಾರಿ ಯಾವುದನ್ನೂ ಬಿಡದೆ ಅಳೆದ.

ನೆಲ ಅಳೆದದ್ದಾಯಿತು, ಜನರನ್ನು ಅಳೆಯುವುದು ಹೇಗೆ? ಸೈಬೋರ್ನ್ ಆರಿಸಿಕೊಂಡ ಕ್ಷಣ ಸಂಜೆ ಸುಮಾರು 7 ಗಂಟೆ. ನೆಪೋಲಿಯನ್ನನ ಖಾಸಾ ಗಾರ್ಡ್ ಪಡೆ ಇಂಗ್ಲಿಷರ ದಿಬ್ಬದ ನೆತ್ತಿಗೆ ಬಂದು ಮುಟ್ಟಿದ ಗಳಿಗೆ. ಆಗ ಯಾರು ಎಲ್ಲಿದ್ದರು ಎಂದು ತಿಳಿಯಲು ಅವನು 1834ರಲ್ಲಿ, ಯುದ್ಧದಲ್ಲಿದ್ದು ಇನ್ನೂ ಬದುಕಿದ್ದ ಅಧಿಕಾರಿಗಳಿಗೆ ಸುತ್ತೋಲೆ ಕಳಿಸಿದ. ನಿಮ್ಮ ಪಡೆ ಯಾವ ವ್ಯೂಹದಲ್ಲಿತ್ತು, ಎದುರಿಗಿದ್ದ ಶತ್ರು ಹೇಗೆ ನಿಂತಿದ್ದ ಎಂಬ ಪ್ರಶ್ನೆಗಳ ಜೊತೆಗೆ, ನಿಮ್ಮ ಮುಂದಿನ ಹೊಲದಲ್ಲಿ ಯಾವ ಬೆಳೆ ಇತ್ತು ಎಂದೂ ಕೇಳಿದ್ದ. ರೈ ಬೆಳೆಯಾದರೆ ಒಂದು ಬಣ್ಣ, ಕ್ಲೋವರ್ ಆದರೆ ಇನ್ನೊಂದು. ಮಾದರಿಗೆ ಬಣ್ಣ ಹಚ್ಚುವವನ ಪ್ರಶ್ನೆ ಅದು.

ನೂರಾರು ಉತ್ತರಗಳು ಬಂದವು. 19 ವರ್ಷ ಕಳೆದಿತ್ತು. ಹೊಗೆಯಲ್ಲಿ ಪಕ್ಕದವನೇ ಕಾಣದೆ ಕಾದಾಡಿದವರ ನೆನಪು ಒಂದಕ್ಕೊಂದು ತಾಳೆಯಾಗಲಿಲ್ಲ. ಖಾಸಾ ಗಾರ್ಡನ್ನು ಹಿಮ್ಮೆಟ್ಟಿಸಿದ್ದು ತಾವು ಎಂದು ಇಂಗ್ಲಿಷ್ ಫುಟ್ ಗಾರ್ಡ್ಸ್ ಪಡೆಯವರು, ಅಲ್ಲ ತಾವು ಎಂದು 52ನೆಯ ರೆಜಿಮೆಂಟಿನವರು. ಯುದ್ಧದ ಚರಿತ್ರೆ ಬರೆಯುವುದು ಕುಣಿತದ ಕೂಟದ ಚರಿತ್ರೆ ಬರೆದಂತೆ ಎಂಬ ಅರ್ಥದ ಮಾತನ್ನು ಗೆದ್ದ ಸೇನಾನಿ ವೆಲಿಂಗ್ಟನ್ 1815ರಲ್ಲೇ ಪತ್ರವೊಂದರಲ್ಲಿ ಬರೆದಿದ್ದ. ಚಿಕ್ಕಪುಟ್ಟ ಘಟನೆಗಳು ಎಲ್ಲರಿಗೂ ನೆನಪಿರುತ್ತವೆ, ಯಾವುದು ಯಾವ ಗಳಿಗೆಯಲ್ಲಿ ನಡೆಯಿತೆಂದು ಮಾತ್ರ ಯಾರಿಗೂ ಹೇಳಲಾಗದು. ಸೈಬೋರ್ನ್ ಹೇಳಹೊರಟದ್ದು ಅದನ್ನೇ.

ತೊಡಕು ಎದ್ದದ್ದು ಪ್ರಷ್ಯನ್ನರಿಂದ. ಇಂಗ್ಲಿಷರ ನೆರವಿಗೆ ಬಂದ ಪ್ರಷ್ಯದ ಸೇನೆ ಸಂಜೆ ನಾಲ್ಕೂವರೆಯ ಹೊತ್ತಿಗೇ ಪೂರ್ವ ದಿಕ್ಕಿನಿಂದ ಫ್ರೆಂಚರ ಮೇಲೆ ಬೀಳತೊಡಗಿತ್ತು. ಆದ್ದರಿಂದ 7 ಗಂಟೆಗೆ ಗಡಿಯಾರ ನಿಲ್ಲಿಸಿದರೆ ಮಾದರಿಯ ಪೂರ್ವಭಾಗದ ತುಂಬ ಪ್ರಷ್ಯನ್ನರು ಕಾಣಬೇಕು. ಹಾಗೆ ಕಂಡರೆ ನೋಡುಗ ಏನೆಂದುಕೊಂಡಾನು? ಗೆಲುವಿನಲ್ಲಿ ಅರ್ಧ ಪಾಲು ಅವರದೇ ಎಂದುಕೊಂಡಾನು. ವೆಲಿಂಗ್ಟನ್ ಮರುದಿನದ ತನ್ನ ವರದಿಯಲ್ಲಿ ಅವರ ಸಹಾಯವನ್ನು ಧಾರಾಳವಾಗಿ ನೆನೆದದ್ದು ನಿಜ. ಆದರೆ ಶತ್ರುವಿನ ಕೊನೆಯ ದಾಳಿಯನ್ನು ಮುರಿದದ್ದು ಅವನ ಸೇನೆ, ಪ್ರಷ್ಯನ್ನರ ಹೊಡೆತ ಆಮೇಲಿನದು ಎಂಬ ಕಥೆ ಇಂಗ್ಲೆಂಡಿನಲ್ಲಿ ಬೇರೂರಿತ್ತು. ವಾಟರ್ಲೂವಿನಲ್ಲಿ ಬಲಗೈ ಕಳೆದುಕೊಂಡಿದ್ದ ಸೇನಾ ಕಾರ್ಯದರ್ಶಿ ಫಿಟ್ಸ್‌ರಾಯ್ ಸಾಮರ್ಸೆಟ್ ಮುಂತಾದವರು ಪ್ರಷ್ಯನ್ನರ ಸ್ಥಾನದ ಬಗ್ಗೆ ತಕರಾರು ಎತ್ತಿದರು.

ಈ ನಡುವೆ 1833ರಲ್ಲಿ ಹೊಸ ಸರ್ಕಾರ ಹಣ ಕೊಡುವುದನ್ನು ನಿಲ್ಲಿಸಿತ್ತು. ಸೈಬೋರ್ನ್ ಸಾಲ ಮಾಡಿ ಕೆಲಸ ಮುಂದುವರಿಸಿದ. ಒಟ್ಟು ಖರ್ಚು ಸುಮಾರು 3 ಸಾವಿರ ಪೌಂಡು, ಆ ಕಾಲಕ್ಕೆ ಭಾರಿ ಮೊತ್ತ. 400 ಚದರ ಅಡಿಯಷ್ಟು ಹರಡಿದ ಮಾದರಿ ಅದು. ಒಂದು ಮೈಲಿ ನೆಲಕ್ಕೆ ಒಂಬತ್ತು ಅಡಿಯ ಲೆಕ್ಕ. ಆ ಲೆಕ್ಕದಲ್ಲಿ ಮನುಷ್ಯ ಮೂರು ಮಿಲಿಮೀಟರ್ ಆಗುತ್ತಾನೆ, ಕಣ್ಣಿಗೇ ಕಾಣ. ಹಾಗಾಗಿ ಸೈನಿಕರನ್ನು ಕೊಂಚ ದೊಡ್ಡದಾಗಿ ಎರಕಹೊಯ್ದು, ಇಬ್ಬರಿಗೆ ಒಂದು ಬೊಂಬೆಯಂತೆ ನಿಲ್ಲಿಸಿದ. ಬಣ್ಣ ಹಚ್ಚಿದ ಲೋಹದ ಬೊಂಬೆಗಳು 70 ಸಾವಿರಕ್ಕೂ ಹೆಚ್ಚು. 1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಸುಮಾರು ಒಂದು ಲಕ್ಷ ಜನ ತಲಾ ಒಂದು ಶಿಲಿಂಗ್ ತೆತ್ತು ನೋಡಿದರು. ಲೆಕ್ಕ ಹಾಕಿದರೆ 5 ಸಾವಿರ ಪೌಂಡು. ಆದರೂ ಸೈಬೋರ್ನನ ಸಾಲ ತೀರಲಿಲ್ಲ.

ವೆಲಿಂಗ್ಟನ್ ನೋಡಲು ಬರಲಿಲ್ಲ. ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ನೆನಪಾಗುತ್ತದೆ. ಈ ವೆಲಿಂಗ್ಟನ್ನೇ 1799ರಲ್ಲಿ ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಅವನು ವಾಸವಾಗಿದ್ದ ದರಿಯಾ ದೌಲತ್ ಬಾಗ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರು ಹೈದರ್ ಮತ್ತು ಟಿಪ್ಪುವಿಗೆ ಸೋತ ಚಿತ್ರವಿದೆ. ಮಾಸಿದ್ದ ಆ ಚಿತ್ರವನ್ನು ವೆಲ್ಲೆಸ್ಲಿ ಸರಿಪಡಿಸಿಸಿದ. ತನ್ನವರ ಸೋಲಿನ ಚಿತ್ರವನ್ನು ಉಳಿಸಿದ ಮನುಷ್ಯನಿಗೆ ತನ್ನ ಗೆಲುವಿನ ಮಾದರಿ ಇರುಸುಮುರುಸಾದದ್ದು ವಿಚಿತ್ರವೇ. ಸೋಲು ಬೇರೊಬ್ಬ ಸೇನಾನಿಯದು ಎಂಬುದನ್ನೂ ಮರೆಯುವಂತಿಲ್ಲ.

ಕೊನೆಗೆ ಸೈಬೋರ್ನ್ ಮಣಿದ. ಪ್ರಷ್ಯನ್ನರನ್ನು ತಪ್ಪು ಜಾಗದಲ್ಲಿ ತೋರಿಸಿದ್ದೆ ಎಂದು ಒಪ್ಪಿ, ಸಾವಿರಾರು ಪ್ರಷ್ಯನ್ ಬೊಂಬೆಗಳನ್ನು ಮಾದರಿಯಿಂದ ಕಿತ್ತು ತೆಗೆದ. ಇದು ಡ್ಯೂಕನ ಕಡೆಯವರ ಒತ್ತಡದ ಫಲ ಎಂದು ಇತಿಹಾಸಕಾರ ಪೀಟರ್ ಹಾಫ್‌ಶ್ರೋರ್ 2004ರ ತನ್ನ ಪುಸ್ತಕದಲ್ಲಿ ವಾದಿಸಿದ. ಹೊಸ ಸಾಕ್ಷ್ಯ ಸಿಕ್ಕಿ ತಾನಾಗಿಯೇ ತಿದ್ದಿಕೊಂಡ ಎನ್ನುವವರೂ ಇದ್ದಾರೆ. ಸಾಲದಲ್ಲಿ ಮುಳುಗಿದ, ಮೇಲಧಿಕಾರಿಗಳ ಕೃಪೆಯಲ್ಲಿ ಸಂಬಳ ಎಣಿಸುವ ನೌಕರನ ವಿಷಯದಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡುವುದು ಸುಲಭವಲ್ಲ.

1844ರಲ್ಲಿ ಅವನು ಯುದ್ಧದ ಬೃಹತ್ ಚರಿತ್ರೆಯನ್ನು ಪ್ರಕಟಿಸಿದ, ಮಧ್ಯಾಹ್ನದ ಅಶ್ವದಳದ ದಾಳಿಯನ್ನು ತೋರಿಸುವ ಎರಡನೆಯ ಮಾದರಿಯನ್ನೂ ಮಾಡಿದ. ಅದರ ಅಳತೆ ದೊಡ್ಡದು, ಕ್ಷಣ ಬೇರೆ. ಆ ಹೊತ್ತಿಗೆ ಪ್ರಷ್ಯನ್ನರು ರಣರಂಗಕ್ಕೆ ಬಂದಿರಲೇ ಇಲ್ಲ. 1849ರಲ್ಲಿ, 51ನೆಯ ವಯಸ್ಸಿನಲ್ಲಿ ಸೈಬೋರ್ನ್ ತೀರಿಕೊಂಡ. ಯಾವ ವಸ್ತುಸಂಗ್ರಹಾಲಯಕ್ಕೆಂದು ಕೆಲಸ ಶುರುವಾಗಿತ್ತೋ ಅದು ದೊಡ್ಡ ಮಾದರಿಯನ್ನು ಕೊಂಡದ್ದು ಅವನು ಸತ್ತ ಮೇಲೆ. ಈಗ ಅದು ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ.

ಅಧಿಕಾರಿಗಳ ಪತ್ರಗಳು ಮಾತ್ರ ಉಳಿದವು. ಮಗ ಹರ್ಬರ್ಟ್ ಸೈಬೋರ್ನ್ ಅವುಗಳಲ್ಲಿ ಹಲವನ್ನು ಆರಿಸಿ 1891ರಲ್ಲಿ ಪುಸ್ತಕವಾಗಿ ತಂದ. ವಾಟರ್ಲೂವಿನ ಚರಿತ್ರೆ ಬರೆಯುವವರು ಇಂದಿಗೂ ಅವನ್ನು ತಿರುವಿಹಾಕುತ್ತಾರೆ. ಯಾವ ಪಡೆ ಎಲ್ಲಿ ನಿಂತಿತ್ತು ಎಂಬ ಜಗಳದ ನಡುವೆ, ಎದುರಿನ ಹೊಲದಲ್ಲಿ ರೈ ಆಳೆತ್ತರ ಬೆಳೆದಿತ್ತು, ಸಂಜೆಯ ಹೊತ್ತಿಗೆ ತುಳಿದು ನೆಲಸಮವಾಗಿತ್ತು ಎಂಬಂಥ ವಿವರಗಳೂ ಅಲ್ಲಿ ಸಿಗುತ್ತವೆ.