ದಿಬ್ಬದ ಮಣ್ಣು, ಗುಡಿಯ ಕಲ್ಲು



ಪ್ರತಿ ವರ್ಷ ಫಾಲ್ಗುಣ ಮಾಸದಲ್ಲಿ ಹೊಸೂರು ಬೆಟ್ಟದ ಶ್ರೀ ಚಂದ್ರಚೂಡೇಶ್ವರಸ್ವಾಮಿಯವರ ರಥೋತ್ಸವಕ್ಕೆ ಕನ್ನಡ, ತೆಲುಗು, ತಮಿಳು ಮೂರೂ ಭಾಷೆಗಳ ಜನ ಸೇರುತ್ತಾರೆ. ಇಂತಹ ಉತ್ಸವಗಳ ಸ್ಮರಣ ಸಂಚಿಕೆಗಳಲ್ಲಿ ಸ್ಥಳಪುರಾಣಕ್ಕೆ ಮೊದಲ ಸ್ಥಾನ. ಅದು ಸಹಜವೂ ಹೌದು. ಸ್ಥಳಪುರಾಣವು ಸ್ವಾಮಿಯ ಮಹಿಮೆಯನ್ನು ಹೇಳುತ್ತದೆ. ಶಾಸನವು ಗುಡಿಗೆ ಗದ್ದೆ ಬಿಟ್ಟವರನ್ನೂ ನಂದಾದೀಪಕ್ಕೆ ಚಿನ್ನ ಕೊಟ್ಟವರನ್ನೂ ಹೇಳುತ್ತದೆ. ಇವೆರಡೂ ಹೇಳದ ಮೂರನೆಯ ಒಂದು ಚರಿತ್ರೆಯಿದೆ. ಅದು ಗುಡಿಯ ಕೆಳಗಿನ ಮಣ್ಣಿನಲ್ಲಿಯೂ, ಮಣ್ಣಿನಲ್ಲಿ ಹುದುಗಿದ ಕಲ್ಲುಗಳಲ್ಲಿಯೂ ಇರುವಂಥದು. ಅದನ್ನು ಓದುವ ಬಗೆ ಹೇಗೆ, ಓದುವ ಮೊದಲೇ ಅಳಿಸಿಹಾಕಿದರೆ ಆಗುವ ನಷ್ಟವೇನು ಎಂಬುದನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಈ ಸೀಮೆ ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಆಳಿದ ಸೀಮೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ರಾಮನಾಥನು ರಾಜಧಾನಿ ಮಾಡಿಕೊಂಡಿದ್ದ ಕುಂದಾಣಿಯು ಹೊಸೂರಿಗೆ ದೂರವೇನಲ್ಲ. ಇಲ್ಲಿನ ಚರಿತ್ರೆಯನ್ನು ಹಳೆಯ ಪುಸ್ತಕಗಳಲ್ಲಿ ಹುಡುಕುವವರಿಗೆ ಒಂದು ಸೂಚನೆ: 1965ರವರೆಗಿನ ಬರಹಗಳಲ್ಲಿ ಹೊಸೂರು, ಕೃಷ್ಣಗಿರಿಗಳನ್ನು ಸೇಲಂ ಜಿಲ್ಲೆಯ ಕೆಳಗೆ ನೋಡಬೇಕು. ಅಲ್ಲಿಂದ 2004ರವರೆಗೆ ಧರ್ಮಪುರಿ ಜಿಲ್ಲೆಯ ಕೆಳಗೆ. ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004ರ ಫೆಬ್ರವರಿಯಲ್ಲಿ. ಇದನ್ನು ಅರಿಯದೆ ‘ನಮ್ಮೂರಿನ ಬಗ್ಗೆ ಯಾರೂ ಬರೆದೇ ಇಲ್ಲ’ ಎಂದು ಕೈಚೆಲ್ಲುವವರುಂಟು.

ಊರಾಚೆ ಒಂದು ದಿಬ್ಬ, ಅದರ ಮೇಲೆ ಬೇವಿನ ಮರ, ಮರದಡಿ ಮುರಿದ ನಂದಿ, ಅರ್ಧ ಹೂತ ವೀರಗಲ್ಲು. ಈ ನೋಟ ನಮ್ಮಲ್ಲಿ ಯಾರಿಗೂ ಹೊಸದಲ್ಲ. ದಿಬ್ಬ ಬೆಳೆಯುವ ಬಗೆ ಸರಳವಾದುದು. ಮಣ್ಣಿನ ಗೋಡೆ ಬೀಳುತ್ತದೆ. ಬಿದ್ದದ್ದನ್ನು ತಟ್ಟಿ ಸಮ ಮಾಡಿ ಅದರ ಮೇಲೆಯೇ ಮತ್ತೊಂದು ಮನೆ ಕಟ್ಟುತ್ತಾರೆ. ಒಲೆಯ ಬೂದಿ, ಒಡೆದ ಗಡಿಗೆಯ ಬೋಕಿ, ಕೊಟ್ಟಿಗೆಯ ಕಸ ಎಲ್ಲವೂ ಅಲ್ಲಿಯೇ ಸೇರುತ್ತವೆ. ಹೀಗೆ ತಲೆಮಾರಿಗೊಂದು ಪದರ. ಕೆಳಗಿನದು ಹಿಂದಿನದು, ಮೇಲಿನದು ಈಚಿನದು. ಪುರಾತತ್ವ ಶಾಸ್ತ್ರದ ಬುಡವೆಲ್ಲ ಈ ಒಂದೇ ಮಾತಿನಲ್ಲಿದೆ. ಆದರೆ ಈ ಮಾತು ಕೇಳಿದಷ್ಟು ಸುಲಭವಾಗಿ ಕೆಲಸದಲ್ಲಿ ಸಿಕ್ಕುವುದಿಲ್ಲ.

ನಮ್ಮ ಜಿಲ್ಲೆಯದೇ ನಿದರ್ಶನ ನೋಡೋಣ. ಬರಗೂರು ತಾಲ್ಲೂಕಿನ ಮಯಿಲಾಡುಂಪಾರೈ, ಅಂದರೆ ನವಿಲಾಡುವ ಬಂಡೆ, ಎಂಬಲ್ಲಿ ತಮಿಳುನಾಡು ಸರ್ಕಾರದ ಪುರಾತತ್ವ ಇಲಾಖೆಯು 2021ರಲ್ಲಿ ಅಗೆತ ನಡೆಸಿತು. ಗುಂಡಿಯಲ್ಲಿ 104 ಸೆಂಟಿಮೀಟರ್ ಆಳದಲ್ಲಿ ಒಂದು, 130 ಸೆಂಟಿಮೀಟರ್ ಆಳದಲ್ಲಿ ಮತ್ತೊಂದು ಇದ್ದಿಲಿನ ಮಾದರಿಯನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸಿದರು. ಮೊದಲನೆಯದರ ಕಾಲ ಕ್ರಿ.ಪೂ. 1615, ಎರಡನೆಯದು ಕ್ರಿ.ಪೂ. 2172 ಎಂದು ಬಂದಿತು. ಅದೇ ಸ್ತರಗಳಲ್ಲಿ ಕಬ್ಬಿಣ ಸಿಕ್ಕಿದ್ದರಿಂದ, ನಮ್ಮ ಕಡೆಯವರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಕಬ್ಬಿಣ ಬಲ್ಲವರಾಗಿದ್ದರೆಂದು 2022ರ ಮೇ ತಿಂಗಳಲ್ಲಿ ವಿಧಾನಸಭೆಯಲ್ಲಿಯೇ ಪ್ರಕಟವಾಯಿತು. 2025ರ ಜನವರಿಯಲ್ಲಿ ತೂತ್ತುಕುಡಿ ಜಿಲ್ಲೆಯ ಶಿವಗಲೈಯಿಂದ ಇನ್ನೂ ಹಿಂದಿನ ಕಾಲಗಳು ವರದಿಯಾಗಿವೆ. ವಿದ್ವಾಂಸರ ಚರ್ಚೆಯೂ ನಡೆದಿದೆ. ಅದು ಹಾಗಿರಲಿ. ಇಲ್ಲಿ ಗಮನಿಸಬೇಕಾದುದು ಬೇರೆ. ಎರಡು ಮಾದರಿಗಳ ನಡುವಿನ ಮಣ್ಣು 26 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ಕಾಲದ ಅಂತರ 557 ವರ್ಷ! ಜೆ.ಸಿ.ಬಿ. ಯಂತ್ರವು ಒಂದೇ ಸಲ ಬಾಚಿದರೆ ಆ ಐದೂವರೆ ಶತಮಾನ ಟ್ರ್ಯಾಕ್ಟರಿನ ಪಾಲು.

ಹೀಗೆ ಅಳೆದು ಅಗೆಯುವ ಶಿಸ್ತು ದಕ್ಷಿಣದಲ್ಲಿ ನೆಲೆಯೂರಿದ್ದು 1940ರ ದಶಕದಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನಗಳಿರುವುದು ತಮಗೆಲ್ಲ ತಿಳಿದಿದೆ. ಮೈಸೂರಿನ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿ ಮೊದಲು ಅಗೆಸಿದರು. ಬಳಿಕ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬಂದು, ಕೆಳಗೆ ಕಲ್ಲುಕೊಡಲಿಯ ಜನ, ಅದರ ಮೇಲೆ ದೊಡ್ಡ ಕಲ್ಲಿನ ಗೋರಿಗಳನ್ನು ಕಟ್ಟಿದ ಕಬ್ಬಿಣದ ಜನ, ಅದರ ಮೇಲೆ ಶಾತವಾಹನರ ಕಾಲದ ಜನ ಎಂದು ಮೂರು ಸಂಸ್ಕೃತಿಗಳನ್ನು ಸ್ತರಸ್ತರವಾಗಿ ತೋರಿಸಿದರು. ಮೇಲಿನ ಸ್ತರದ ಮಡಕೆಯು ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸರಕಿನೊಂದಿಗೆ ಸಿಕ್ಕಿದ ಮಡಕೆಯಂತೆಯೇ ಇತ್ತು. ರೋಮನ್ ಸರಕಿನ ಕಾಲ ಗೊತ್ತಿದ್ದುದರಿಂದ ಬ್ರಹ್ಮಗಿರಿಗೂ ಒಂದು ಕಾಲ ಗೊತ್ತಾಯಿತು. ಒಂದು ಬೋಕಿಯ ಚೂರು ಅಷ್ಟು ಕೆಲಸ ಮಾಡಿತು. ಆದರೆ ಅದು ಯಾವ ಪದರದಲ್ಲಿತ್ತೆಂದು ಬರೆದಿಟ್ಟಿದ್ದರಿಂದ ಮಾತ್ರವೇ ಮಾಡಿತು.

ಅಗೆಯುವ ಜಾಗವನ್ನು ಮೊದಲು ದಾರ ಕಟ್ಟಿ ಚದುರಂಗದ ಮನೆಗಳಂತೆ ವಿಂಗಡಿಸುತ್ತಾರೆ. ಎರಡು ಗುಂಡಿಗಳ ನಡುವೆ ಅಗೆಯದ ಮಣ್ಣಿನ ಗೋಡೆಯೊಂದನ್ನು ಉಳಿಸುತ್ತಾರೆ. ಈ ಗೋಡೆಯೇ ಕೊನೆಯಲ್ಲಿ ಸಾಕ್ಷಿ. ಗುದ್ದಲಿಗಿಂತ ಹೆಚ್ಚಾಗಿ ಕರಣೆ, ಕುಂಚ, ಜರಡಿಗಳಿಗೆ ಕೆಲಸ. ಮಣ್ಣಿನ ಬಣ್ಣ ಬದಲಾದರೆ, ಕೈಗೆ ಜಿಗಿ ಹೋಗಿ ಪುಡಿಯೆನಿಸಿದರೆ, ಬೂದಿಯೋ ಗಾರೆಯ ಚೂರೋ ಕಂಡರೆ ನಿಲ್ಲಿಸಿ, ಹೊಸ ಪದರಕ್ಕೆ ಹೊಸ ಅಂಕಿ ಕೊಟ್ಟು, ಅದರಲ್ಲಿ ಸಿಕ್ಕಿದ್ದನ್ನೆಲ್ಲ ಬೇರೆ ಚೀಲದಲ್ಲಿ ಚೀಟಿ ಬರೆದು ಕಟ್ಟುತ್ತಾರೆ. ಅಂಕಿಗಳು ಮೇಲಿನಿಂದ ಕೆಳಕ್ಕೆ ನಡೆಯುತ್ತವೆ. ಕಡೆಗೆ ಗುಂಡಿಯ ಬದಿಗೆ ಮಟ್ಟದ ದಾರ ಎಳೆದು, ಪ್ರತಿ ಪದರದ ಏರುತಗ್ಗನ್ನು ಅಳೆದು ಚೌಕಳಿ ಕಾಗದದ ಮೇಲೆ ಬರೆಯುತ್ತಾರೆ. ಛಾಯಾಚಿತ್ರವಿದ್ದರೂ ಈ ಕೈಬರಹದ ಚಿತ್ರ ಬೇಕೇ ಬೇಕು. ಏಕೆಂದರೆ ಬರೆಯುವವನು ಒಂದೊಂದು ಗೆರೆಯನ್ನೂ ಇಲ್ಲಿ ಮುಗಿಯಿತು, ಇಲ್ಲಿ ಆರಂಭವಾಯಿತು ಎಂದು ತೀರ್ಮಾನಿಸಿಯೇ ಎಳೆಯಬೇಕು.

ಮೋಸ ಹೋಗುವುದು ಗುಂಡಿಗಳಿಂದ. ಟಿಪ್ಪುವಿನ ಕಾಲದಲ್ಲಿ ಯಾರೋ ಒಬ್ಬರು ಕಣಜಕ್ಕೆಂದು ಆರಡಿ ಅಗೆದರೆನ್ನಿ. ಅವರ ಸೊಂಟದಿಂದ ಬಿದ್ದ ಕಾಸು ಸಾವಿರ ವರ್ಷ ಹಳೆಯ ಮಣ್ಣಿನ ಪಕ್ಕದಲ್ಲಿ ಕೂರುತ್ತದೆ. ಆಳ ಒಂದನ್ನೇ ನೋಡುವವರು ಗಂಗರ ಕಾಲದಲ್ಲಿ ಟಿಪ್ಪುವಿನ ನಾಣ್ಯವಿತ್ತು ಎಂದಾರು! ಬದಿಯ ಗೋಡೆಯನ್ನು ನೋಡುವವರಿಗೆ ಮೇಲಿನಿಂದ ಇಳಿದ ಗುಂಡಿಯ ಅಂಚು ಸ್ಪಷ್ಟವಾಗಿ ಕಾಣುತ್ತದೆ.

ಗುಡಿಯ ವಿಷಯದಲ್ಲಿ ಇದೇ ಮಾತು ಉಪಯೋಗಕ್ಕೆ ಬರುತ್ತದೆ. ಕಲ್ಲಿನ ಗುಡಿ ಕಟ್ಟಬೇಕಾದರೆ ಪಾಯ ತೋಡಲೇಬೇಕು. ಆ ಪಾಯವು ತನಗಿಂತ ಹಳೆಯ ಪದರಗಳನ್ನು ಕಡಿದುಕೊಂಡು ಇಳಿದಿರುತ್ತದೆ. ಕಟ್ಟಡ ಮುಗಿದ ಮೇಲೆ ಹಾಸಿದ ನೆಲ ಪಾಯದ ಬಾಯಿಯನ್ನು ಮುಚ್ಚುತ್ತದೆ. ಕಡಿಸಿಕೊಂಡ ಪದರ ಗುಡಿಗಿಂತ ಹಿಂದಿನದು. ಮುಚ್ಚಿದ ನೆಲ ಗುಡಿಯ ಕಾಲದ್ದು ಅಥವಾ ಆಮೇಲಿನದು. ಶಾಸನವಿಲ್ಲದ ಗುಡಿಗೂ ಹೀಗೆ ಕಾಲ ಹೇಳಬಹುದು. ಗೋಡೆಯ ಪಕ್ಕದಲ್ಲಿ ಎರಡು ಮೊಳ ಅಗಲದ ಆ ಮಣ್ಣು ಗುಡಿಯ ಜಾತಕವೇ ಸರಿ. ಜೀರ್ಣೋದ್ಧಾರದ ಹೊತ್ತಿನಲ್ಲಿ ನಾವು ಮೊದಲು ತೆಗೆಯುವುದೂ ಅದನ್ನೇ, ನೀರು ನಿಲ್ಲದಿರಲೆಂದು ಸುತ್ತಲೂ ಸಿಮೆಂಟು ಹಾಕುವುದಕ್ಕೆ.

ಕಲ್ಲುಗಳನ್ನೂ ಹೀಗೆಯೇ ಒಂದೊಂದಾಗಿ ಬರೆದುಕೊಳ್ಳಬೇಕು. ಉಪಾನ, ಜಗತಿ, ಕುಮುದ, ಕಂಠ, ಪಟ್ಟಿಕೆ ಎಂದು ಅಧಿಷ್ಠಾನದ ವರಸೆಗಳನ್ನು ನಮ್ಮ ಸ್ಥಪತಿಗಳು ಬಲ್ಲರು. ಕುಮುದವು ಪಟ್ಟೆ ಹೊಡೆದದ್ದೋ ದುಂಡನೆಯದೋ, ಕಂಬದ ಬೋದಿಗೆ ಎಂತಹುದು, ಉಳಿಯ ಗೀರು ಸಣ್ಣದೋ ದಪ್ಪದೋ, ಬಂಡೆ ಸೀಳಲು ಹೊಡೆದ ಬೆಣೆಗುಂಡಿಗಳ ಸಾಲು ಉಳಿದಿದೆಯೋ, ಎಲ್ಲವೂ ಕಾಲವನ್ನು ಹೇಳುತ್ತವೆ. ಹಂಪಿಗೆ ಹೋದವರು ಬಂಡೆಗಳ ಮೇಲೆ ಈ ಗುಂಡಿಗಳ ಸಾಲನ್ನು ಕಂಡಿರುತ್ತಾರೆ. ಒಂದೇ ಗೋಡೆಯಲ್ಲಿ ಎರಡು ಬಗೆಯ ಕೆತ್ತನೆಯಿದ್ದರೆ, ಕಲ್ಲೊಂದು ತಲೆಕೆಳಗಾಗಿ ಕೂತಿದ್ದರೆ, ಗುಡಿ ಒಮ್ಮೆ ಬಿದ್ದು ಎದ್ದಿದೆ ಎಂದೇ ಅರ್ಥ.

ಮಹಾಬಲಿಪುರದ ಬಳಿಯ ಸಾಳುವನ್‌ಕುಪ್ಪಂ ಗುಡಿಯ ಕಥೆ ಇದಕ್ಕೆ ತಕ್ಕ ನಿದರ್ಶನ. 2004ರ ಡಿಸೆಂಬರ್ 26ರ ಸುನಾಮಿಯ ಅಲೆಗಳು ಅಲ್ಲಿನ ಬಂಡೆಯೊಂದರ ಸುತ್ತ ಮರಳನ್ನು ಕೊಚ್ಚಿಕೊಂಡು ಹೋದವು. ಬಂಡೆಯ ಮೇಲಿನ ಶಾಸನಗಳು ಕಾಣಿಸಿಕೊಂಡವು. ಅವು ಒಂದು ಸುಬ್ರಹ್ಮಣ್ಯನ ಗುಡಿಯನ್ನು ಹೆಸರಿಸಿದ್ದವು. ಗುಡಿ ಮಾತ್ರ ಎಲ್ಲಿಯೂ ಇರಲಿಲ್ಲ. 2005ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಪಕ್ಕದ ಮರಳುದಿಬ್ಬವನ್ನು ಅಗೆದಾಗ ಮೇಲೆ ಪಲ್ಲವರ ಕಾಲದ ಕಣಶಿಲೆಯ ಕೆಲಸ, ಅದರಡಿ ಅದಕ್ಕಿಂತ ಹಳೆಯದಾದ ಇಟ್ಟಿಗೆಯ ಗುಡಿ, ಮುಂದೆ ಕಲ್ಲಿನ ವೇಲಾಯುಧ ದೊರೆತವು. ಪದರಗಳ ನಡುವಿನ ಮರಳು, ಕಪ್ಪೆಚಿಪ್ಪುಗಳನ್ನು ನೋಡಿ, ಹಿಂದೆಯೂ ಸಮುದ್ರ ಹೀಗೆ ಉಕ್ಕಿ ಗುಡಿಯನ್ನು ಕೆಡವಿತ್ತೆಂದು ಅಗೆದವರು ಅಭಿಪ್ರಾಯಪಟ್ಟರು. ಕಲ್ಲೂ ಇಟ್ಟಿಗೆಯೂ ಮಾತ್ರವೇ ಬೇಕೆಂದು ಮರಳನ್ನು ಎತ್ತಿ ಬಿಸಾಡಿದ್ದರೆ ಈ ಮಾತು ಹೊರಡುತ್ತಿರಲಿಲ್ಲ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ನಡೆದದ್ದು ಇನ್ನೂ ಸೋಜಿಗ. ಶ್ರೀ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾದೇವಿಯ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ದುರಸ್ತಿಗೆಂದು ನೋಡಿದಾಗ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿದ್ದವು, ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ. ವಿಗ್ರಹ ನಿಲ್ಲಿಸಲು ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿವೆ. ಹಾಗೆ ಕೊರೆದವರನ್ನು ದೂರುವಂತಿಲ್ಲ. ಆ ಲಿಪಿಯನ್ನು ಓದಬಲ್ಲವರು ಆಗ ಯಾರೂ ಇರಲಿಲ್ಲ. ನಮಗೆ ಆ ನೆಪವಿಲ್ಲ.

ತಲಕಾಡಿನ ಮರಳನ್ನು ಬಿಟ್ಟು ಈ ವಿಷಯ ಪೂರ್ತಿಯಾಗದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಅಲ್ಲಿ ಸೋಲಿಸಿದ ಚೋಳರ ಸಾಮಂತ ಅದಿಯಮನು ತಗಡೂರಿನ, ಅಂದರೆ ನಮ್ಮ ಧರ್ಮಪುರಿಯ, ಅದಿಯಮಾನ್ ವಂಶದವನೆಂದು ವಿದ್ವಾಂಸರು ಹೇಳುತ್ತಾರೆ. ಆ ಜಯದ ನೆನಪಿಗೆ 1117ರಲ್ಲಿ ಎದ್ದದ್ದು ಶ್ರೀ ಕೀರ್ತಿನಾರಾಯಣಸ್ವಾಮಿಯ ದೇವಾಲಯ. ಅಲಮೇಲಮ್ಮನ ಶಾಪದ ಕಥೆ ಮಕ್ಕಳಿಗೂ ಗೊತ್ತು. ಕಾವೇರಿಗೆ ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟಿನಿಂದ ನದಿಯ ಪಾತ್ರದಲ್ಲಿ ಮರಳು ಬಯಲಾಗಿ, ಗಾಳಿಗೆ ಊರನ್ನು ಮುಚ್ಚಿತು ಎಂದು ಡಾ. ಕೆ.ಎನ್. ಗಣೇಶಯ್ಯನವರು ವಿವರಿಸಿದ್ದಾರೆ. ಕರ್ನಾಟಕದ ಪುರಾತತ್ವ ಇಲಾಖೆಯು 1992-93ರಲ್ಲಿ ಅಲ್ಲಿ ಉತ್ಖನನ ನಡೆಸಿ ಮರಳಿನಡಿಯ ಊರಿನ ಪದರಗಳನ್ನು ದಾಖಲಿಸಿತು. ಹಾಗೆ ನೋಡಿದರೆ ಮರಳು ಗುಡಿಗಳಿಗೆ ಉಪಕಾರವನ್ನೇ ಮಾಡಿತು. ಮೇಲೆ ಯಾರೂ ಮನೆ ಕಟ್ಟಲಿಲ್ಲ, ಕಲ್ಲು ಕೀಳಲಿಲ್ಲ. ಕಳೆದ 2020ರ ಡಿಸೆಂಬರಿನ ಪಂಚಲಿಂಗ ದರ್ಶನಕ್ಕೆ ಹೋದವರೂ ಗುಡಿಗಳಿಗೆ ಮೆಟ್ಟಿಲಿಳಿದೇ ನಡೆದರು.

ಇದಕ್ಕೆ ಎದುರಾಗಿ ಬೆಂಗಳೂರಿನ ಮಲ್ಲೇಶ್ವರದ ನಂದಿತೀರ್ಥ. ಗಂಗಮ್ಮನ ಗುಡಿಯ ಎದುರಿನ ಆ ಕಲ್ಯಾಣಿ 1997ರಲ್ಲಿ ಮಣ್ಣಿನಡಿಯಿಂದ ಹೊರಬಂತು. ನಿವೇಶನವಾಗಿ ಕೈಬಿಟ್ಟುಹೋಗುತ್ತಿದ್ದ ಜಾಗವನ್ನು ಊರವರ ಭಕ್ತಿಯೇ ಉಳಿಸಿತು; ಅದಕ್ಕೆ ನಮಸ್ಕಾರ. ಆದರೆ ಇಂದು ಅದರ ವಯಸ್ಸನ್ನು ಕೇಳಿದರೆ ನಾನೂರು ವರ್ಷ ಎನ್ನುವವರೂ ಇದ್ದಾರೆ, ಏಳು ಸಾವಿರ ವರ್ಷ ಎನ್ನುವವರೂ ಇದ್ದಾರೆ. ಇಂತಹ ವಾದವನ್ನು ತೀರಿಸಬಲ್ಲದ್ದು ಕಲ್ಲಿನ ಹಿಂದೆ ತುಂಬಿದ ಮಣ್ಣು. ಅದನ್ನು ಹೊರಹಾಕುವಾಗಲೇ ಬರೆದುಕೊಳ್ಳಬೇಕು. ಒಮ್ಮೆ ಹೊರಬಿದ್ದ ಮಣ್ಣಿಗೆ ಪದರವಿಲ್ಲ.

ಆದ್ದರಿಂದ ನಮ್ಮ ಸೀಮೆಯ ದೇವಸ್ಥಾನ ಸಮಿತಿಗಳವರಲ್ಲಿ ಕೆಲವು ಬಿನ್ನಹಗಳು. ಗುಡಿಯ ಬದಿಯನ್ನು ಅಗೆಯುವ ಮುನ್ನ ಪುರಾತತ್ವ ಇಲಾಖೆಗೂ ಧಾರ್ಮಿಕ ದತ್ತಿ ಇಲಾಖೆಗೂ ಬರೆಯಿರಿ. ಅವರು ಬರುವುದು ತಡವಾದೀತು. ತಡವಾದರೂ ಗುಡಿ ಎಲ್ಲಿಗೂ ಹೋಗುವುದಿಲ್ಲ. ಕಲ್ಲು ಬಿಚ್ಚಬೇಕಾಗಿ ಬಂದರೆ ಪ್ರತಿ ವರಸೆಗೂ ಪ್ರತಿ ಕಲ್ಲಿಗೂ ಅಂಕಿ ಹಾಕಿ, ಬಿಚ್ಚುವ ಮೊದಲೇ ನಕ್ಷೆ, ಛಾಯಾಚಿತ್ರಗಳನ್ನು ಮಾಡಿಸಿ. ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆದರೆ ಮೊದಲ ಮಳೆಗೇ ಹೋದೀತು. ತೆಳುವಾದ ಬಣ್ಣದಲ್ಲಿ, ಹೊರಗೆ ಕಾಣದ ಮುಖದಲ್ಲಿ ಬರೆಸಿ. ಹಳೆಯ ಸುಣ್ಣ ತೆಗೆಯಲು ಮರಳು ಎರಚುವ ಯಂತ್ರವನ್ನು ದಯವಿಟ್ಟು ತರಿಸಬೇಡಿ. ಅದು ಸುಣ್ಣದೊಂದಿಗೆ ಅಕ್ಷರವನ್ನೂ ತಿನ್ನುತ್ತದೆ. ಅಗೆಯುವಾಗ ವಿಗ್ರಹವೋ ನಾಣ್ಯದ ಗಡಿಗೆಯೋ ಸಿಕ್ಕಿದರೆ 1878ರ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಹತ್ತು ರೂಪಾಯಿಗೆ ಮೀರಿದ ಬೆಲೆಯುಳ್ಳ ಯಾವ ವಸ್ತುವಿಗೂ ಇದು ಅನ್ವಯಿಸುತ್ತದೆ. ತಿಳಿಸುವವರೆಗೆ ಅದನ್ನು ಸಿಕ್ಕಿದ ಜಾಗದಿಂದ ಕದಲಿಸದಿದ್ದರೆ ಎಲ್ಲಕ್ಕಿಂತ ಉತ್ತಮ. ವಿಗ್ರಹಕ್ಕೆ ಪೂಜೆ ಅಲ್ಲಿಯೂ ಸಲ್ಲುತ್ತದೆ.

ದಿಬ್ಬಗಳ ಗತಿ ಗುಡಿಗಳಿಗಿಂತ ಕಷ್ಟದ್ದು. ಹೊಸೂರಿನಲ್ಲಿ ಕಾರ್ಖಾನೆಗಳು, ಬಡಾವಣೆಗಳು, ಹೂವಿನ ತೋಟಗಳು ಬೆಳೆದಂತೆ ಮಣ್ಣಿಗೂ ಕಲ್ಲಿಗೂ ಬೆಲೆ ಬಂದಿದೆ. ಶೂಳಗಿರಿ ಕಡೆಯ ಮಲ್ಲಚಂದ್ರಂ ಗುಡ್ಡದ ಮೇಲೆ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಪ್ರಾಚೀನ ಸಮಾಧಿಗಳು ಗುಂಪುಗುಂಪಾಗಿವೆ. ಇಂತಹವನ್ನು ನಮ್ಮ ಹಿರಿಯರು ಪಾಂಡವರ ಮನೆಗಳೆಂದು ಕರೆದು, ಭಯಭಕ್ತಿಯಿಂದ ಕಲ್ಲು ಮುಟ್ಟದೆ ಕಾಪಾಡಿದರು. ಉತ್ಸವಕ್ಕೆ ಬಂದವರು ಮಕ್ಕಳನ್ನು ಕರೆದುಕೊಂಡು ಒಮ್ಮೆ ಅಲ್ಲಿಗೂ, ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಹೋಗಿಬರಬಹುದು. ಬೆಳಗಿನ ಹೊತ್ತು ಗುಡ್ಡ ಹತ್ತಿದರೆ ಬಿಸಿಲಿನ ತಾಪವಿರದು, ಓರೆ ಬೆಳಕಿನಲ್ಲಿ ಕಲ್ಲಿನ ಮೇಲಿನ ಗೀರುಗಳೂ ಚೆನ್ನಾಗಿ ಕಾಣುತ್ತವೆ.